ವಿದೇಶದ ಮನೆ ಸೇರುವ ವಿಶೇಷ ಅಗತ್ಯದ ಮಗು: ಹೊಂದಾಣಿಕೆ ಶುರುವಾಗಬೇಕಾದದ್ದು ಎಲ್ಲಿಂದ?

ಜಿಲ್ಲಾಧಿಕಾರಿ ಕಚೇರಿಯಲ್ಲಿ ನಿಂತ ವಿದೇಶಿ ದಂಪತಿ, ಅವರ ತೋಳಿನಲ್ಲಿ ಇಲ್ಲಿನ ದತ್ತು ಕೇಂದ್ರದಲ್ಲಿ ಬೆಳೆದ ಮಗು, ಸುತ್ತ ಅಧಿಕಾರಿಗಳು. ತುಮಕೂರಿನಲ್ಲಾಗಲಿ, ಕೋಲಾರ, ಚಿಕ್ಕಬಳ್ಳಾಪುರದಲ್ಲಾಗಲಿ, ಇಂಥ ಸುದ್ದಿಚಿತ್ರ ಬಂದಾಗಲೆಲ್ಲ ಓದುಗರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮಕ್ಕಳಿಲ್ಲದ ನಮ್ಮೂರಿನ ದಂಪತಿಗಳು ದತ್ತು ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಿರುವಾಗ ಪರದೇಶದವರಿಗೆ ಮಗು ಸಿಕ್ಕಿದ್ದು ಹೇಗೆ ಎಂಬುದು ಒಂದು. ಕಿವಿ ಕೇಳಿಸದ, ನಡೆಯಲಾಗದ ಅಥವಾ ಹೃದಯದ ತೊಂದರೆಯಿರುವ ಮಗುವನ್ನೇ ಅವರು ಅಷ್ಟು ದೂರದಿಂದ ಬಂದು ಕರೆದೊಯ್ಯುವುದೇಕೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯ ಹಿಂದೆ ಅನುಮಾನವೂ ಇರುತ್ತದೆ.

ಇವೆರಡಕ್ಕೂ ಕಾನೂನಿನಲ್ಲಿ ಉತ್ತರವಿದೆ. ಆದರೆ ಮಗುವಿನ ಮಟ್ಟಿಗೆ ಇವುಗಳಿಗಿಂತ ದೊಡ್ಡದಾದ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ: ಹುಟ್ಟಿದಾಗಿನಿಂದ ಮನೆಯನ್ನೇ ಕಾಣದ, ವಿಶೇಷ ಆರೈಕೆ ಬೇಕಾದ ಮಗು, ಭಾಷೆ, ಊಟ, ಹವೆ ಎಲ್ಲವೂ ಬೇರೆಯಾದ ನಾಡಿನಲ್ಲಿ ಒಂದು ಕುಟುಂಬದ ಸದಸ್ಯನಾಗಿ ಬಾಳಲು ಕಲಿಯುವುದು ಹೇಗೆ? ‘ಅನಾಥ ಮಗುವಿನ ಅದೃಷ್ಟ ಖುಲಾಯಿಸಿತು’ ಎಂಬ ಧಾಟಿಯ ವರದಿಗಳು ಹಸ್ತಾಂತರದ ದಿನವನ್ನು ಕಥೆಯ ಸುಖಾಂತ್ಯವೆಂಬಂತೆ ಬರೆಯುತ್ತವೆ. ಮಗುವಿನ ಕಡೆಯಿಂದ ನೋಡಿದರೆ ಅದು ಬದುಕಿನ ಅತ್ಯಂತ ಕಠಿಣ ಘಟ್ಟವೊಂದರ ಮೊದಲ ದಿನ.

ನಿಯಮ ಏನು ಹೇಳುತ್ತದೆ

ಹೆತ್ತವರು ತೊರೆದುಹೋದ ಅಥವಾ ಸಾಕಲಾಗದ ಮಗುವನ್ನು ಬಿಟ್ಟುಹೋಗಲೆಂದು ಇಟ್ಟಿರುವ ‘ಮಮತೆಯ ತೊಟ್ಟಿಲು’ ಸೇರಿದ ಮಗುವನ್ನು ಮೊದಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರ ಪತ್ತೆಗೆ ಪ್ರಯತ್ನ ನಡೆದು, ಯಾರೂ ಸಿಗದಿದ್ದಲ್ಲಿ ಸಮಿತಿಯು ಆ ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಘೋಷಿಸುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಇದಕ್ಕೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಾದರೆ ನಾಲ್ಕು ತಿಂಗಳ ಗಡುವಿದೆ. ಆಮೇಲೆ ಮಗುವಿನ ವಿವರ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಜಾಲತಾಣಕ್ಕೆ ಹೋಗುತ್ತದೆ. ಅಂತಿಮ ಆದೇಶವನ್ನು ಹಿಂದೆ ನ್ಯಾಯಾಲಯ ಕೊಡುತ್ತಿತ್ತು. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗಿನಿಂದ ಆ ಅಧಿಕಾರ ಜಿಲ್ಲಾಧಿಕಾರಿಯದು. ಪತ್ರಿಕೆಯ ಚಿತ್ರಗಳಲ್ಲಿ ಜಿಲ್ಲಾಧಿಕಾರಿ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಭಾರತದ ಕುಟುಂಬಕ್ಕೆ ಮೊದಲ ಆದ್ಯತೆ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲೇ ಎತ್ತಿಹಿಡಿದಿತ್ತು. ದೇಶಗಳ ನಡುವಿನ ದತ್ತು ಕುರಿತ 1993ರ ಹೇಗ್ ಒಪ್ಪಂದವೂ ಅದನ್ನೇ ಹೇಳುತ್ತದೆ. ಭಾರತ ಅದನ್ನು 2003ರಲ್ಲಿ ಅಂಗೀಕರಿಸಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮಗು ದತ್ತಿಗೆ ಮುಕ್ತವೆಂದು ಘೋಷಣೆಯಾದ 60 ದಿನಗಳೊಳಗೆ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ಸಿಗದಿದ್ದರೆ ಮಾತ್ರ ಅದು ವಿದೇಶಿ ದತ್ತಿಗೆ ಲಭ್ಯವಾಗುತ್ತದೆ. ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯವಿರುವವರು, ಒಡಹುಟ್ಟಿದವರ ಜೋಡಿ, ಐದು ವರ್ಷ ದಾಟಿದವರು, ಈ ಮೂರು ಬಗೆಯ ಮಕ್ಕಳಿಗೆ ವಿದೇಶಿ ದತ್ತಿನಲ್ಲಿ ಆದ್ಯತೆ ಕೊಡಬಹುದೆಂದೂ ಅದೇ ಕಲಮು ಹೇಳುತ್ತದೆ. ಅಂದರೆ ವಿದೇಶಕ್ಕೆ ಹೋಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಏನಾದರೊಂದು ವಿಶೇಷ ಅಗತ್ಯ ಇರುವುದು ಆಕಸ್ಮಿಕವಲ್ಲ. 2024–25ರಲ್ಲಿ ದೇಶದಲ್ಲಿ ನಡೆದ 4,515 ದತ್ತುಗಳ ಪೈಕಿ 4,155 ದೇಶದೊಳಗಿನವು. ಹೊರಗೆ ಹೋದ ಆ ಸಣ್ಣ ಪಾಲು ಬಹುಮಟ್ಟಿಗೆ ಇಲ್ಲಿ ಮನೆ ಸಿಗದ ಮಕ್ಕಳದು.

ಕಾಯುವವರು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ

ದೇಶದಲ್ಲಿ ದತ್ತಿಗಾಗಿ ಹೆಸರು ನೋಂದಾಯಿಸಿ ಕಾಯುತ್ತಿರುವವರು 30 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಬಯಸುವುದು ಎರಡು ವರ್ಷದೊಳಗಿನ, ಆರೋಗ್ಯವಂತ ಮಗುವನ್ನು. ಅಂಥ ಮಕ್ಕಳ ಸಂಖ್ಯೆ ಕಡಿಮೆಯಾದ್ದರಿಂದ ಕಾಯುವ ಅವಧಿ ಮೂರು ವರ್ಷವನ್ನೂ ಮೀರುತ್ತದೆ. ಅದೇ ಹೊತ್ತಿಗೆ, ಸೆರೆಬ್ರಲ್ ಪಾಲ್ಸಿ ಇರುವ ಮೂರು ವರ್ಷದ ಮಗುವಿಗೋ ಡೌನ್ ಸಿಂಡ್ರೋಮ್ ಇರುವ ಐದು ವರ್ಷದ ಮಗುವಿಗೋ ಒಬ್ಬರೂ ಮುಂದೆ ಬರುವುದಿಲ್ಲ. ಆದ್ದರಿಂದ ವಿದೇಶಿ ದಂಪತಿ ನಮ್ಮವರ ಸರದಿಯನ್ನು ಕಸಿದುಕೊಂಡರು ಎಂಬುದು ತಪ್ಪು ತಿಳಿವಳಿಕೆ. ನಮ್ಮವರು ನಿಂತಿರುವ ಸಾಲಿನಲ್ಲಿ ಈ ಮಗು ಇರಲೇ ಇಲ್ಲ.

ಇದನ್ನು ನಮ್ಮ ಜನರ ಮನಸ್ಸು ಸಣ್ಣದು ಎಂದು ವಿವರಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ನ್ಯಾಯವಲ್ಲ. ಪಾವಗಡದಲ್ಲಿ ನೆಲೆಸಿರುವ ಕುಟುಂಬವೊಂದು ಅಂಥ ಮಗುವನ್ನು ಮನೆಗೆ ತಂದುಕೊಂಡಿತೆಂದು ಭಾವಿಸಿ ನೋಡಿ. ಫಿಸಿಯೊಥೆರಪಿಗೂ ಮಾತಿನ ತರಬೇತಿಗೂ ನೂರು ಕಿಲೋಮೀಟರ್ ಆಸುಪಾಸಿನ ತುಮಕೂರಿಗೆ ಬರಬೇಕು. ಅಲ್ಲಿ ಆಗದಿದ್ದರೆ ಬೆಂಗಳೂರಿಗೆ ಹೋಗಬೇಕು. ವಾರಕ್ಕೆರಡು ದಿನ ಕೂಲಿ ಬಿಟ್ಟು ಬಸ್ಸು ಹತ್ತುವವರು ಯಾರು? ಹೆತ್ತ ತಾಯಿಯನ್ನೇ ಮಗುವನ್ನು ಒಪ್ಪಿಸುವ ಸ್ಥಿತಿಗೆ ತಳ್ಳುವ ಕೊರತೆಗಳಲ್ಲಿ ಇದೂ ಒಂದು. ಸಾಕಲು ಮನಸ್ಸಿರುವ ದಂಪತಿಯನ್ನು ಹಿಂಜರಿಯುವಂತೆ ಮಾಡುವುದೂ ಇದೇ. ಥೆರಪಿಯ ವೆಚ್ಚವನ್ನು ವಿಮೆಯೋ ಸರ್ಕಾರವೋ ಬಹುಮಟ್ಟಿಗೆ ಹೊರುವ, ಶಾಲೆಯಲ್ಲೇ ವಿಶೇಷ ಶಿಕ್ಷಕರು ಸಿಗುವ ದೇಶದ ದಂಪತಿಗೆ ಅದೇ ಮಗುವನ್ನು ಸಾಕುವುದು ಸಾಧ್ಯವೆನಿಸುತ್ತದೆ. ಓದುಗರ ಎರಡನೆಯ ಪ್ರಶ್ನೆಗೆ ಉತ್ತರ ಬಹುಪಾಲು ಇಷ್ಟೇ.

ಕೇಂದ್ರದ ಬದುಕು ಮಗುವಿಗೆ ಕಲಿಸಿರುವುದು

ಹೊಸ ಮನೆಯಲ್ಲಿ ಮಗು ತೋರುವ ವರ್ತನೆ ಅರ್ಥವಾಗಬೇಕಾದರೆ ಹಳೆಯ ಜಾಗದಲ್ಲಿ ಅದು ಏನು ಕಲಿತಿತ್ತು ಎಂಬುದು ತಿಳಿದಿರಬೇಕು. ಒಳ್ಳೆಯ ದತ್ತು ಕೇಂದ್ರದಲ್ಲೂ ಆಯಾಗಳು ಪಾಳಿಯ ಮೇಲೆ ಬದಲಾಗುತ್ತಾರೆ. ಬೆಳಿಗ್ಗೆ ಎತ್ತಿಕೊಂಡವರು ರಾತ್ರಿ ಇರುವುದಿಲ್ಲ. ಎಲ್ಲರನ್ನೂ ‘ಅಮ್ಮ’ ಎಂದೇ ಕರೆಯುವ ಮಗುವಿಗೆ ಆ ಹೆಸರಿನ ಒಬ್ಬಳೇ ಒಬ್ಬಳು ಗೊತ್ತಿರುವುದಿಲ್ಲ. ಅತ್ತ ಕೂಡಲೇ ಯಾರಾದರೂ ಬರುತ್ತಾರೆ ಎಂಬ ಖಾತರಿ ಇಲ್ಲವಾದ್ದರಿಂದ ಕೆಲವು ಮಕ್ಕಳು ಅಳುವುದನ್ನೇ ನಿಲ್ಲಿಸಿಬಿಡುತ್ತವೆ. ಬಂದವರ ಕಣ್ಣಿಗೆ ಅದು ‘ಹಟವಿಲ್ಲದ, ತುಂಬ ಒಳ್ಳೆಯ ಮಗು’.

ಈ ವಿಷಯದಲ್ಲಿ ಜಗತ್ತು ಕಲಿತದ್ದರ ಬಹುಭಾಗ ರೊಮೇನಿಯಾದ ಅನಾಥಾಲಯಗಳ ಮಕ್ಕಳಿಂದ ಬಂದಿದೆ. ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವು 136 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಪೋಷಕ ಕುಟುಂಬಗಳಲ್ಲಿ ಇರಿಸಿತು. ಸುಮಾರು ಎರಡು ವರ್ಷದೊಳಗೆ ಕುಟುಂಬ ಸೇರಿದವರಲ್ಲಿ ಬುದ್ಧಿಯ ಬೆಳವಣಿಗೆಯೂ ಆರೈಕೆದಾರರೊಂದಿಗಿನ ಬಾಂಧವ್ಯವೂ ಹೆಚ್ಚು ಚೇತರಿಸಿಕೊಂಡವು. ಇಂಗ್ಲೆಂಡಿಗೆ ದತ್ತು ಹೋದ 165 ರೊಮೇನಿಯನ್ ಮಕ್ಕಳನ್ನು ಪ್ರಾಯದವರೆಗೆ ಅನುಸರಿಸಿದ ಇನ್ನೊಂದು ಅಧ್ಯಯನದಲ್ಲಿ, ಆರು ತಿಂಗಳಿಗಿಂತ ಕಡಿಮೆ ಕಾಲ ಅನಾಥಾಲಯದಲ್ಲಿದ್ದವರು ಉಳಿದ ದತ್ತು ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಇದ್ದವರಲ್ಲಿ ಗಮನದ ಕೊರತೆ, ಜನರೊಂದಿಗೆ ಬೆರೆಯುವ ತೊಡಕು ಪ್ರಾಯಕ್ಕೆ ಬಂದ ಮೇಲೂ ಉಳಿದವು. ಹಾಗಿದ್ದೂ ಆ ಎರಡನೆಯ ಗುಂಪಿನ ಐದನೇ ಒಂದರಷ್ಟು ಜನರಲ್ಲಿ ಯಾವ ಘಟ್ಟದಲ್ಲೂ ಅಂಥ ತೊಂದರೆ ಕಾಣಲಿಲ್ಲ. ರೊಮೇನಿಯಾದ ಆ ಅನಾಥಾಲಯಗಳ ಸ್ಥಿತಿ ಘೋರವಾಗಿತ್ತು, ನಮ್ಮ ಕೇಂದ್ರಗಳನ್ನು ಅವುಗಳೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಕುಟುಂಬ ಸೇರಲು ತಡವಾದಷ್ಟೂ ಹೊಂದಾಣಿಕೆ ಕಷ್ಟವಾಗುತ್ತದೆ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಯಾರೂ ಆಯ್ದುಕೊಳ್ಳದೆ ಕೇಂದ್ರದಲ್ಲಿ ಹೆಚ್ಚು ಕಾಲ ಉಳಿಯುವುದು ವಿಶೇಷ ಅಗತ್ಯದ ಮಗುವೇ ಆದ್ದರಿಂದ, ಅಂಗವೈಕಲ್ಯದ ಭಾರದ ಮೇಲೆ ಕಾಯುವಿಕೆಯ ಭಾರವೂ ಅದರ ಮೇಲೆ ಬೀಳುತ್ತದೆ.

ಮೊದಲ ತಿಂಗಳುಗಳು

ಸಾಲಾಗಿ ಹಾಸಿದ ಹಾಸಿಗೆಗಳ ನಡುವೆ, ದೀಪ ಆರದ ಕೋಣೆಯಲ್ಲಿ, ಹತ್ತಾರು ಮಕ್ಕಳ ಉಸಿರು, ಕೆಮ್ಮು, ಕನವರಿಕೆಗಳ ಜೊತೆ ಮಲಗಿ ಅಭ್ಯಾಸವಾದ ಮಗುವಿಗೆ ಪ್ರತ್ಯೇಕ ಕೋಣೆಯ ಕತ್ತಲು ಮತ್ತು ಮೌನ ಹೆದರಿಕೆ ಹುಟ್ಟಿಸುತ್ತವೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಸಾರಿನಲ್ಲಿ ಮೆತ್ತಗೆ ಕಲಸಿದ ಅನ್ನ ತಿಂದು ಬೆಳೆದ ನಾಲಿಗೆಗೆ ತಣ್ಣನೆಯ ಹಾಲು, ಬ್ರೆಡ್ಡು ಊಟವೆಂದೇ ಅನಿಸುವುದಿಲ್ಲ. ಸೀಳು ಅಂಗುಳಿರುವ ಅಥವಾ ನುಂಗಲು ಕಷ್ಟಪಡುವ ಮಗುವಿನಲ್ಲಿ ಊಟದ ಹದ ಬದಲಾಗುವುದು ರುಚಿಯ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ಬಿಹಾರದಿಂದ ದತ್ತು ಹೋಗಿದ್ದ ಮೂರು ವರ್ಷದ ಬಾಲಕಿ 2017ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾವಿಗೀಡಾದ ಪ್ರಕರಣದಲ್ಲಿ ದತ್ತು ತಂದೆಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು; ಮಗು ಹಾಲು ಕುಡಿಯುತ್ತಿರಲಿಲ್ಲ ಎಂಬ ಮಾತು ಆ ತನಿಖೆಯ ಉದ್ದಕ್ಕೂ ಕೇಳಿಬಂತು. ಅಪರಾಧಕ್ಕೆ ಅದು ನೆಪವಾಗಲಾರದು. ಆದರೆ ಊಟದ ಸುತ್ತಲಿನ ತಿಕ್ಕಾಟ ಎಷ್ಟು ಅಪಾಯಕಾರಿ ಮಟ್ಟಕ್ಕೆ ಹೋಗಬಲ್ಲದು ಎಂಬುದನ್ನು ದತ್ತು ವ್ಯವಸ್ಥೆ ಆ ಮಗುವಿನ ಸಾವಿನಿಂದಲಾದರೂ ಕಲಿಯಬೇಕಿತ್ತು.

ಪೋಷಕರನ್ನು ಹೆಚ್ಚು ಗೊಂದಲಕ್ಕೆ ತಳ್ಳುವ ವರ್ತನೆಗಳು ಮೂರ್ನಾಲ್ಕು. ಹೊಟ್ಟೆ ತುಂಬಿದ ಮೇಲೂ ಮಗು ಬಿಸ್ಕತ್ತನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ, ಏಕೆಂದರೆ ಊಟ ಕೇಳಿದಾಗ ಸಿಗುವಂಥದು ಎಂದು ಅದಕ್ಕೆ ಇನ್ನೂ ನಂಬಿಕೆ ಬಂದಿಲ್ಲ. ಅಂಗಡಿಯಲ್ಲಿ ಕಂಡ ಅಪರಿಚಿತರ ಕೊರಳಿಗೆ ಜೋತುಬೀಳುತ್ತದೆ, ಏಕೆಂದರೆ ಎತ್ತಿಕೊಳ್ಳುವವರು ಯಾರಾದರೂ ಆಗಬಹುದು ಎಂಬುದೇ ಅದರ ಅನುಭವ. ಬಿದ್ದು ಮಂಡಿ ತರಚಿದರೂ ಅಮ್ಮನ ಬಳಿಗೆ ಓಡಿಬರುವುದಿಲ್ಲ. ಮೊದಲ ಕೆಲವು ವಾರ ಹೇಳಿದ ಮಾತು ಕೇಳಿಕೊಂಡು ಸುಮ್ಮನಿದ್ದದ್ದು, ಆಮೇಲೆ ಒಮ್ಮೆಲೇ ಕಿರುಚುವುದು, ಕಚ್ಚುವುದು, ವಸ್ತುಗಳನ್ನು ಎಸೆಯುವುದಕ್ಕೆ ಶುರುಮಾಡುತ್ತದೆ. ಮಗು ಕೆಟ್ಟಿತೆಂದು ಪೋಷಕರು ಎದೆಗುಂದುವುದು ಇಲ್ಲೇ. ವಾಸ್ತವದಲ್ಲಿ ಮೊದಲಿನ ವಿಧೇಯತೆ ಹೆದರಿಕೆಯದು. ಈಗಿನ ಹಟ, ಇವರು ನನ್ನನ್ನು ಬಿಟ್ಟುಬಿಡುತ್ತಾರೆಯೇ ಇಲ್ಲವೇ ಎಂದು ಮಗು ಪರೀಕ್ಷಿಸುತ್ತಿರುವುದರ ಗುರುತು.

ಇದಕ್ಕೆ ಅನುಭವಿಗಳು ಸೂಚಿಸುವ ದಾರಿ ಸರಳವಾದರೂ ಪಾಲಿಸುವುದು ಕಷ್ಟ. ಮೊದಲ ವಾರಗಳಲ್ಲಿ ಮನೆಗೆ ನೆಂಟರಿಷ್ಟರನ್ನು ಕರೆಯಬಾರದು. ಉಣಿಸುವುದು, ಮೀಯಿಸುವುದು, ಮಲಗಿಸುವುದು, ಔಷಧಿ ಕೊಡುವುದನ್ನು ತಂದೆತಾಯಿಯೇ ಮಾಡಬೇಕು. ಪ್ರೀತಿಯಿಂದಲೇ ಆದರೂ ಬೇರೆಯವರು ಮಾಡಬಾರದು. ದಿನಚರಿ ಒಂದೇ ತೆರನಾಗಿರಬೇಕು. ಮಲಗಲು ಅಂಜುವ ಮಗುವಿನ ಹಾಸಿಗೆ ಪೋಷಕರ ಕೋಣೆಯಲ್ಲೇ ಇರಲಿ. ಶಿಕ್ಷೆಯೆಂದು ಒಂಟಿಯಾಗಿ ಕೋಣೆಯಲ್ಲಿ ಕೂಡಿಸುವ ರೂಢಿ ಕೆಲವು ದೇಶಗಳಲ್ಲಿದೆ. ಒಂದು ಸಲ ತೊರೆಯಲ್ಪಟ್ಟ ಮಗುವಿಗೆ ಅದು ಮತ್ತೆ ತೊರೆದಂತೆಯೇ ಅನಿಸುತ್ತದೆ. ವಿಶೇಷ ಅಗತ್ಯದ ಮಗುವಿನಲ್ಲಿ ಇನ್ನೊಂದು ತೊಡಕಿದೆ. ಬಂದ ಮರುವಾರದಿಂದಲೇ ಆಸ್ಪತ್ರೆ, ಥೆರಪಿ, ತಪಾಸಣೆಗಳ ಓಡಾಟ ಶುರುವಾದರೆ, ಹೊಸ ಅಪ್ಪಅಮ್ಮ ಎಂದರೆ ನೋವು ಕೊಡುವವರ ಕೈಗೆ ಒಪ್ಪಿಸುವವರು ಎಂದು ಮಗು ತಿಳಿಯುವ ಅಪಾಯವಿದೆ. ಜೀವಕ್ಕೆ ತುರ್ತಾದ ಹೃದಯದ ಚಿಕಿತ್ಸೆ ಕಾಯಲಾರದು. ಆದರೆ ಕಾಯಬಹುದಾದ ಶಸ್ತ್ರಚಿಕಿತ್ಸೆಯನ್ನು ನಂಬಿಕೆ ಬೇರೂರುವವರೆಗೆ ಮುಂದೂಡುವ ಬಗ್ಗೆ ವೈದ್ಯರೊಂದಿಗೆ ಚರ್ಚಿಸುವುದು ವಿವೇಕ.

ಯಾವುದು ಅಂಗವೈಕಲ್ಯ, ಯಾವುದು ಕೊರತೆಯ ಫಲ

ನಾಲ್ಕು ವರ್ಷವಾದರೂ ಮಾತಾಡದ ಮಗುವಿನ ಕಡತದಲ್ಲಿ ‘ಬುದ್ಧಿಮಾಂದ್ಯ’ ಎಂದು ಬರೆದಿರಬಹುದು. ಆ ಮಗುವಿಗೆ ಕಿವಿ ಕೇಳಿಸದೇ ಇರಬಹುದು, ಯಾರೂ ಕೂತು ಮಾತಾಡಿಸದೇ ಇದ್ದಿರಬಹುದು, ಅಥವಾ ನಿಜಕ್ಕೂ ಬೌದ್ಧಿಕ ತೊಂದರೆಯೇ ಇರಬಹುದು. ಮೂರಕ್ಕೂ ಬೇಕಾದ ಆರೈಕೆ ಬೇರೆಬೇರೆ. ಕುಟುಂಬ ಸೇರಿದ ಮೊದಲ ವರ್ಷದಲ್ಲಿ ಅನೇಕ ಮಕ್ಕಳು ತೂಕ, ಎತ್ತರ, ಚಟುವಟಿಕೆಗಳಲ್ಲಿ ಬೇಗಬೇಗ ಮುಂದೆ ಬರುವುದುಂಟು. ಹಾಗಾಗಿ ಆರಂಭದ ತಪಾಸಣೆಯನ್ನೇ ಕೊನೆಯ ತೀರ್ಪು ಎಂದುಕೊಳ್ಳಬಾರದು. ಹಾಗೆಯೇ ಪ್ರೀತಿಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಪೋಷಕರಿಗೆ ಕೊಡಬಾರದು.

ವಯಸ್ಸಿನದೂ ಒಂದು ಗೊಂದಲ. ತೊರೆದುಹೋದ ಮಗುವಿನ ಜನ್ಮದಿನಾಂಕ ಎಷ್ಟೋ ಸಲ ವೈದ್ಯರ ಅಂದಾಜು. ಅದು ಒಂದು ವರ್ಷ ಹೆಚ್ಚುಕಡಿಮೆಯಾದರೂ ಶಾಲೆಯ ತರಗತಿ, ಬೆಳವಣಿಗೆಯ ಅಳತೆ ಎಲ್ಲ ತಪ್ಪುತ್ತವೆ, ವಯಸ್ಸು ಹೆಚ್ಚಾಗಿ ಬರೆದಿದ್ದರೆ ಮಗು ಇರುವುದಕ್ಕಿಂತ ಹಿಂದುಳಿದಂತೆ ಕಾಣುತ್ತದೆ.

ಭಾಷೆ ಕಳೆದುಹೋಗುವ ವೇಗ

ಕೋಲಾರ, ಪಾವಗಡದ ಕಡೆಯ ಮಗುವಾದರೆ ಕಿವಿಯಲ್ಲಿ ಕನ್ನಡವೂ ತೆಲುಗೂ ಕೂಡಿಯೇ ಇರುತ್ತವೆ. ದೇಶ ದಾಟಿ ದತ್ತು ಹೋದ ಪುಟ್ಟ ಮಕ್ಕಳು ಹಳೆಯ ಭಾಷೆಯಲ್ಲಿ ಮಾತಾಡುವುದನ್ನು ಕೆಲವೇ ತಿಂಗಳಲ್ಲಿ ಮರೆಯುತ್ತಾರೆ, ಹೊಸ ಭಾಷೆ ಅಷ್ಟು ಬೇಗ ಬರುವುದಿಲ್ಲ. ನಡುವಿನ ಆ ಅವಧಿಯಲ್ಲಿ ಮಗುವಿಗೆ ಹೊಟ್ಟೆನೋವು ಎಂದು ಹೇಳಿಕೊಳ್ಳಲೂ ಮಾತಿರುವುದಿಲ್ಲ. ಸಿಟ್ಟು, ಕಚ್ಚಾಟಗಳಲ್ಲಿ ಒಂದಷ್ಟು ಭಾಗ ಇಲ್ಲಿಂದಲೇ ಹುಟ್ಟುತ್ತದೆ. ‘ನೀರು’, ‘ಸಾಕು’, ‘ಉಚ್ಚೆ’, ‘ನೋವು’, ‘ಎತ್ತಿಕೋ’, ‘ಬಾ ಕಂದ’ ಎಂಬಂಥ ಮೂವತ್ತು ನಲವತ್ತು ಮಾತುಗಳನ್ನು ಹೊಸ ಪೋಷಕರು ಕಲಿತಿದ್ದರೆ, ಆಯಾಗಳ ದನಿಯಲ್ಲೇ ಮುದ್ರಿಸಿ ಒಯ್ದಿದ್ದರೆ, ಆ ತಿಂಗಳುಗಳು ಎಷ್ಟೋ ಹಗುರವಾಗುತ್ತವೆ. ಚೀನಾದಿಂದ ಕೆನಡಾಕ್ಕೆ ದತ್ತು ಹೋಗಿ, ಚೀನೀ ಭಾಷೆಯ ಒಂದು ಪದವೂ ನೆನಪಿಲ್ಲದೆ ಫ್ರೆಂಚ್ ಆಡುತ್ತಾ ಬೆಳೆದ ಹುಡುಗಿಯರ ಮಿದುಳು ಆ ಭಾಷೆಯ ದನಿಯ ಏರಿಳಿತಗಳನ್ನು ಇನ್ನೂ ಗುರುತಿಸುತ್ತಿತ್ತು ಎಂದು 2014ರ ಅಧ್ಯಯನವೊಂದು ತೋರಿಸಿದೆ. ಎಳವೆಯಲ್ಲಿ ಕೇಳಿದ ನುಡಿ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಿವುಡು ಮಗುವಿನ ಪಾಡು ಇನ್ನೂ ಕಠಿಣ. ಬೇಗ ಪತ್ತೆಹಚ್ಚಿ ಶ್ರವಣಸಾಧನವನ್ನೋ ಸನ್ನೆ ಭಾಷೆಯನ್ನೋ ಕೊಡದಿದ್ದರೆ, ಅದು ಹೊಸ ಮನೆಗೆ ಹೋಗುವಾಗ ಕಳೆದುಕೊಳ್ಳಲು ಒಂದು ಭಾಷೆಯೂ ಅದರ ಬಳಿ ಇರುವುದಿಲ್ಲ. ಪ್ರಯಾಣ ಎಂದರೇನು, ಈ ಜನ ಯಾರು ಎಂದು ಅದಕ್ಕೆ ಚಿತ್ರಗಳ ಮೂಲಕವೇ ತಿಳಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಪರಿಣತ ಸಂಸ್ಥೆ ರಾಜ್ಯದಲ್ಲೇ ಇರುವಾಗ, ತಪಾಸಣೆ ತಡವಾಯಿತೆಂಬ ಮಾತಿಗೆ ಎಡೆಯಿರಬಾರದು.

ಮುಚ್ಚುತ್ತಿರುವ ಬಾಗಿಲುಗಳು

ವಿದೇಶಿ ದತ್ತು ಬೇಕೇ ಎಂಬ ಬಗ್ಗೆಯೇ ಈಗ ಜಗತ್ತಿನಲ್ಲಿ ಒಮ್ಮತವಿಲ್ಲ. ನೆದರ್ಲೆಂಡ್ಸ್ 2021ರಲ್ಲಿ ಅದನ್ನು ತಡೆಹಿಡಿದು, ಮತ್ತೆ ತೆರೆದು, 2024ರಲ್ಲಿ ಕೊನೆಗೊಳಿಸುವ ನಿರ್ಧಾರಕ್ಕೆ ಬಂತು. ಡೆನ್ಮಾರ್ಕ್‌ನಲ್ಲಿ ವಿದೇಶಿ ದತ್ತು ನಡೆಸುತ್ತಿದ್ದ ಏಕೈಕ ಸಂಸ್ಥೆ 2024ರ ಜನವರಿಯಲ್ಲಿ ಕೆಲಸ ನಿಲ್ಲಿಸುವುದಾಗಿ ಹೇಳಿತು. ದಶಕಗಳ ಕಾಲ ಮಕ್ಕಳನ್ನು ಕಳಿಸುತ್ತಿದ್ದ ಚೀನಾ ಅದೇ ವರ್ಷ ಈ ಪದ್ಧತಿಯನ್ನೇ ಕೈಬಿಟ್ಟಿತು. ಹಿಂದಿನ ದತ್ತುಗಳಲ್ಲಿ ದಾಖಲೆ ತಿದ್ದಿದ, ಹೆತ್ತವರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಕಳಿಸಿದ ಪ್ರಕರಣಗಳು ಬೆಳಕಿಗೆ ಬಂದದ್ದು ಯುರೋಪಿನ ದೇಶಗಳ ಈ ನಿಲುವಿಗೆ ಮುಖ್ಯ ಕಾರಣ. ಮಗುವನ್ನು ಅದರ ಭಾಷೆ, ಬಣ್ಣ, ಬಂಧುಗಳಿಂದ ಕಿತ್ತು ಒಯ್ಯುವುದಕ್ಕಿಂತ, ಹೆತ್ತ ಕುಟುಂಬಕ್ಕೇ ಆಸರೆ ಕೊಡಿ ಎಂದು ಬೆಳೆದು ದೊಡ್ಡವರಾದ ದತ್ತು ಮಕ್ಕಳೇ ವಾದಿಸುತ್ತಿದ್ದಾರೆ.

ಇನ್ನೊಂದು ಪಕ್ಷದ ವಾದಕ್ಕೂ ತೂಕವಿದೆ. ಇಲ್ಲಿ ಯಾರೂ ಬಾರದ ಮಗುವಿಗೆ, ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಹದಿನೆಂಟು ವರ್ಷದವರೆಗೆ ಬಾಲಮಂದಿರ, ಆಮೇಲೆ ಇನ್ಯಾವುದೋ ಆಶ್ರಯಧಾಮ. ತತ್ವದ ಹೆಸರಿನಲ್ಲಿ ಅದನ್ನು ಆ ಮಗುವಿಗೆ ವಿಧಿಸುವುದು ಕ್ರೌರ್ಯವೇ ಆಗುತ್ತದೆ. ಈ ಎರಡು ವಾದಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಹೆತ್ತವರಿಗೆ ಆಸರೆ ಮೊದಲು, ಊರಿನ ದತ್ತು ಕುಟುಂಬ ಆಮೇಲೆ, ಕೊನೆಗೆ ವಿದೇಶ ಎಂಬ ಕ್ರಮ ಕಾಗದದ ಮೇಲೆ ಈಗಲೇ ಇದೆ. ಮೊದಲ ಎರಡು ಮೆಟ್ಟಿಲುಗಳಿಗೆ ಹಣ ಮತ್ತು ಸಿಬ್ಬಂದಿ ಇಲ್ಲದಿರುವುದರಿಂದ ಮಕ್ಕಳು ಬೇಗ ಮೂರನೆಯದಕ್ಕೆ ಬಂದು ನಿಲ್ಲುತ್ತಾರೆ. ಸ್ವೀಕರಿಸುವ ದೇಶಗಳು ಕಡಿಮೆಯಾದಂತೆ ಈ ಮಕ್ಕಳು ಇಲ್ಲಿನ ಕೇಂದ್ರಗಳಲ್ಲಿ ಇನ್ನಷ್ಟು ಕಾಲ ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕೆ ನಮ್ಮ ಜಿಲ್ಲೆಗಳು ಸಿದ್ಧವಾದಂತೆ ಕಾಣುವುದಿಲ್ಲ.

ಜಿಲ್ಲೆಯ ಕೈಯಲ್ಲಿರುವುದು

ಮಗು ಹೋದ ಮೇಲೆ ಅಲ್ಲಿನ ಅಧಿಕೃತ ಸಂಸ್ಥೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಹೊಂದಾಣಿಕೆ ಮುರಿದುಬಿದ್ದರೆ ಮಗುವಿಗೆ ಅಲ್ಲೇ ಬೇರೆ ಕುಟುಂಬ ಹುಡುಕಬೇಕು. ವಾಪಸು ಕಳಿಸುವುದು ಕೊನೆಯ ದಾರಿ ಎಂಬುದು ಹೇಗ್ ಒಪ್ಪಂದದ ನಿಲುವು. ಆದರೆ ಮುರಿಯುವುದನ್ನು ತಡೆಯುವ ಕೆಲಸದ ಅರ್ಧ ಭಾಗ, ಮಗು ಹೊರಡುವ ಮುನ್ನ ಕೇಂದ್ರದಲ್ಲಿ ಆಗುವುದು ಅಥವಾ ಆಗದೇ ಉಳಿಯುವುದು. ‘ಬೆಳವಣಿಗೆ ಕುಂಠಿತ’ ಎಂಬ ಒಂದು ಸಾಲಿನ ವೈದ್ಯಕೀಯ ವರದಿ ನಂಬಿ ಬಂದ ದಂಪತಿಗೆ, ಆರು ತಿಂಗಳ ನಂತರ ಮಗುವಿಗೆ ಮೂರ್ಛೆರೋಗವೂ ಇದೆ ಎಂದು ತಿಳಿದರೆ ಅವರ ಸಿದ್ಧತೆಯೆಲ್ಲ ತಲೆಕೆಳಗಾಗುತ್ತದೆ.

ಮಗು ಮಗ್ಗುಲಾಗಿ ಮಲಗುತ್ತದೋ ಬೋರಲಾಗಿಯೋ, ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಸದ್ದಿಗೆ ಬೆಚ್ಚುತ್ತದೆ, ಯಾವ ಆಯಾಳ ಸೆರಗು ಹಿಡಿದು ಓಡಾಡುತ್ತದೆ, ಯಾವ ಹಾಡಿಗೆ ಅಳು ನಿಲ್ಲಿಸುತ್ತದೆ, ಇವನ್ನು ಬಲ್ಲವರು ಆಯಾಗಳೇ, ಅವರನ್ನು ಕೇಳಿ ಬರೆದಿಡುವವರು ಬೇಕು. ದತ್ತು ಪಕ್ಕಾ ಆದಂದಿನಿಂದ ಹೊಸ ಪೋಷಕರ ಫೋಟೊ ಮಗುವಿನ ಹಾಸಿಗೆಯ ಬಳಿ ಇರಬೇಕು, ವಿಡಿಯೊ ಕರೆಯಲ್ಲಿ ಅವರ ದನಿ ಪರಿಚಯವಾಗಬೇಕು. ಅವರು ಬಂದ ದಿನವೇ ಒಪ್ಪಿಸಿಬಿಡದೆ, ಆಯಾ ಎದುರಿಗಿರುವಾಗಲೇ ಹಲವು ದಿನ ಉಣಿಸಿ, ಆಡಿಸಿ ಅಭ್ಯಾಸ ಮಾಡಿಸಬೇಕು. ತೊಟ್ಟು ಹಳತಾದ ಒಂದು ಅಂಗಿ, ಹೊದೆಯುತ್ತಿದ್ದ ಟವೆಲ್ಲು ಒಗೆಯದೆ ಜೊತೆಗೆ ಹೋಗಲಿ. ಆ ವಾಸನೆ ಮಗುವಿಗೆ ಗೊತ್ತು. ಹದಿನೆಂಟು ತುಂಬಿದ ದತ್ತು ವ್ಯಕ್ತಿ ತನ್ನ ಮೂಲದ ಬಗ್ಗೆ ಕೇಳಿ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿರುವುದರಿಂದ, ಇಂದು ಬರೆದ ಟಿಪ್ಪಣಿ ಇಪ್ಪತ್ತು ವರ್ಷದ ನಂತರವೂ ಬೇಕಾಗುತ್ತದೆ.

ಇದಕ್ಕೆ ಹೊಸ ಕಾನೂನಿನ ಅಗತ್ಯವಿಲ್ಲ. ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನು ಪರಿಗಣಿಸಬೇಕೆಂದು ಕಾಯ್ದೆ ಈಗಾಗಲೇ ಹೇಳುತ್ತದೆ, ಮತ್ತು ಆದೇಶಕ್ಕೆ ಸಹಿ ಹಾಕುವ ಜಿಲ್ಲಾಧಿಕಾರಿ ಅದನ್ನು ಖಚಿತಪಡಿಸಿಕೊಳ್ಳಲೇಬೇಕು. ಆ ಹೊತ್ತಿನಲ್ಲಿ ವೈದ್ಯಕೀಯ ವರದಿಯ ದಿನಾಂಕ ಎಷ್ಟು ಹಳೆಯದು, ಮಗು ಪೋಷಕರೊಂದಿಗೆ ಎಷ್ಟು ದಿನ ಕಳೆದಿದೆ, ಆಯಾಗಳ ಟಿಪ್ಪಣಿ ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ತುಮಕೂರಿನ ಜಿಲ್ಲಾಧಿಕಾರಿ ಕಚೇರಿ ಪ್ರತಿ ಕಡತಕ್ಕೂ ಕೇಳತೊಡಗಿದರೆ, ಮುಂದಿನ ಕಡತದಿಂದಲೇ ಕೇಂದ್ರಗಳು ಅವನ್ನು ಸಿದ್ಧಪಡಿಸಿಕೊಂಡು ಬರುತ್ತವೆ.